ಗಾಳಿಗೂ ಬಾಡಿಗೆ

ಕೊರಿಯರ್ ಗೋದಾಮಿನಲ್ಲಿ ತಕ್ಕಡಿಯ ಪಕ್ಕದಲ್ಲೇ ಒಂದು ಅಳತೆ ಟೇಪೂ ಇರುತ್ತದೆ. ಗೋದಾಮು ದೊಡ್ಡದಾದರೆ ಟೇಪಿನ ಬದಲು ಲೇಸರ್ ಕಿರಣ. ಪಾರ್ಸೆಲ್ಲನ್ನು ತೂಗಿದ ಮೇಲೆ ಅದರ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಅಳೆದು, ಮೂರನ್ನೂ ಗುಣಿಸಿ, ಬಂದದ್ದನ್ನು ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಸಿಕ್ಕಿದ್ದು ಕಿಲೋಗ್ರಾಮಿನಲ್ಲಿ ಆ ಪಾರ್ಸೆಲ್ಲಿನ ‘ಗಾತ್ರದ ತೂಕ’. ನಿಜವಾದ ತೂಕ, ಗಾತ್ರದ ತೂಕ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ. 20 ಗ್ರಾಮಿನ ಬಾಚಣಿಗೆಯೊಂದನ್ನು 30 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲ, 15 ಸೆಂ.ಮೀ. ಎತ್ತರದ ಪೆಟ್ಟಿಗೆಯಲ್ಲಿಟ್ಟು ಕಳಿಸಿದರೆ ಅದರ ಗಾತ್ರದ ತೂಕ 1.8 ಕಿಲೋ. ಸರಕಿನ ತೂಕಕ್ಕೆ ಹೋಲಿಸಿದರೆ ತೊಂಬತ್ತು ಪಟ್ಟು!

ಗಾಳಿ ಪುಕ್ಕಟೆ ಎಂದು ನಾವಂದುಕೊಂಡಿರಬಹುದು, ಸಾಗಣೆಯವರಿಗೆ ಅದೂ ಒಂದು ಸರಕು. ಆನ್‌ಲೈನ್ ಪಾರ್ಸೆಲ್ಲುಗಳನ್ನು ಹೇರಿದ ಲಾರಿಯಲ್ಲಿ ಮೊದಲು ಮುಗಿಯುವುದು ಜಾಗ; ತೂಕದ ಮಿತಿ ಇನ್ನೂ ಎಷ್ಟೋ ದೂರದಲ್ಲಿರುತ್ತದೆ. ಅಂದಮೇಲೆ ಪೆಟ್ಟಿಗೆ ದೊಡ್ಡದಾದಷ್ಟೂ ಕಳಿಸುವವನಿಗೇ ನಷ್ಟ. ರಟ್ಟಿಗೆ ಅವನದೇ ದುಡ್ಡು, ಒಳಗೆ ತುರುಕುವ ಗುಳ್ಳೆ ಹಾಳೆಗೆ ಅವನದೇ ದುಡ್ಡು, ಗಾಳಿಯ ಬಾಡಿಗೆಯೂ ಅವನ ಲೆಕ್ಕಕ್ಕೇ. ಪೈಸೆಗೆ ಪೈಸೆ ಲೆಕ್ಕ ಹಾಕುವ ಕಂಪನಿಗಳು ಇಷ್ಟು ಕಣ್ಣಿಗೆ ಕಾಣುವ ನಷ್ಟವನ್ನು ದಿನವೂ ಯಾಕೆ ಮಾಡಿಕೊಳ್ಳುತ್ತವೆ? ಬುದ್ಧಿಯಿಲ್ಲ ಎಂದು ಬೈದು ರಟ್ಟನ್ನು ಬಾಲ್ಕನಿಗೆ ಎಸೆಯುವುದು ಸುಲಭ. ಉತ್ತರ ಬೇಕಿದ್ದರೆ ಪೆಟ್ಟಿಗೆ ಬೇಕಾಗುವುದಾದರೂ ಯಾಕೆ ಎಂಬಲ್ಲಿಂದ ಹೊರಡಬೇಕು. ಅಂದರೆ, ಬೀಳುವುದರಿಂದ.

ಒಂದು ಮೀಟರ್ ಎತ್ತರದಿಂದ, ಅಂದಾಜು ಸೊಂಟದ ಮಟ್ಟದಿಂದ, ಕೈಜಾರಿದ ವಸ್ತು ನೆಲ ಮುಟ್ಟುವಾಗ ಗಂಟೆಗೆ ಸುಮಾರು 16 ಕಿಲೋಮೀಟರ್ ವೇಗದಲ್ಲಿರುತ್ತದೆ. ಹಾಲು ಹಾಕುವ ಹುಡುಗನ ಸೈಕಲ್ಲೂ ಅಷ್ಟು ವೇಗದಲ್ಲಿ ಹೋಗುತ್ತದೆ, ಬಾಟಲಿ ಒಡೆಯುವುದಿಲ್ಲ. ಒಡೆಯುವುದು ವೇಗದಿಂದಲ್ಲ, ನಿಲ್ಲುವ ಬಗೆಯಿಂದ. ಒಂದು ಮೀಟರ್ ಬಿದ್ದ ವಸ್ತು ಗಟ್ಟಿ ನೆಲದ ಮೇಲೆ ಒಂದು ಮಿಲಿಮೀಟರಿನೊಳಗೆ ನಿಂತುಬಿಟ್ಟರೆ ಅದರ ಮೇಲೆ ಬೀಳುವ ಪೆಟ್ಟು ಗುರುತ್ವಬಲದ ಸಾವಿರ ಪಟ್ಟು. ಎರಡು ಸೆಂಟಿಮೀಟರ್ ಮೆತ್ತೆಯಲ್ಲಿ ಕುಸಿಯುತ್ತ ನಿಂತರೆ ಐವತ್ತು ಪಟ್ಟು. ಐದು ಸೆಂಟಿಮೀಟರ್ ಸಿಕ್ಕರೆ ಇಪ್ಪತ್ತೇ ಪಟ್ಟು. ಬಿದ್ದ ಎತ್ತರವನ್ನು ನಿಲ್ಲಲು ಸಿಕ್ಕ ದೂರದಿಂದ ಭಾಗಿಸಿದರೆ ಈ ಅಂಕಿ ಸಿಗುತ್ತದೆ. ಇದು ಸರಾಸರಿಯ ಲೆಕ್ಕ, ನಿಜವಾದ ಮೆತ್ತೆಯಲ್ಲಿ ಗರಿಷ್ಠ ಪೆಟ್ಟು ಇದಕ್ಕಿಂತ ಹೆಚ್ಚೇ ಇರುತ್ತದೆ. ಆದರೂ ಪ್ಯಾಕಿಂಗ್ ವಿಜ್ಞಾನದ ಬಹುಪಾಲು ಈ ಒಂದು ಭಾಗಾಕಾರದೊಳಗಿದೆ. ಮೆತ್ತೆ ಮಾರುವವರು ನಿಜಕ್ಕೂ ಮಾರುವುದು ನಿಲ್ಲುವುದಕ್ಕೆ ಬೇಕಾದ ಒಂದೆರಡು ಸೆಂಟಿಮೀಟರ್ ದೂರವನ್ನು.

ಆ ದೂರ ಎಲ್ಲ ಸರಕಿಗೂ ಒಂದೇ ಅಲ್ಲ. ಗಾಜಿನ ದೀಪಕ್ಕೆ, ಕ್ಯಾಮೆರಾ ಲೆನ್ಸಿಗೆ ಅದು ಬೇಕೇ ಬೇಕು. ಅಂಗಿ, ಸ್ಟೀಲ್ ಚಮಚ, ಟವೆಲ್ಲು, ತೊಗರಿಬೇಳೆ ಇವು ಸಾವಿರ ಪಟ್ಟಿನ ಪೆಟ್ಟಿಗೂ ಕ್ಯಾರೇ ಅನ್ನುವುದಿಲ್ಲ. ಪುಸ್ತಕಕ್ಕೆ ಭಯ ಎರಡೇ: ಮೂಲೆ ಮಡಚುವುದು, ಮಳೆಯಲ್ಲಿ ನೆನೆಯುವುದು. ಪುಸ್ತಕಕ್ಕೆ ಸುತ್ತಿದ ಮೂರು ಸುತ್ತು ಗುಳ್ಳೆ ಹಾಳೆ ಅದನ್ನು ಯಾವ ಅಪಾಯದಿಂದ ಕಾಪಾಡುತ್ತಿದೆ ಎಂದು ಕೇಳಿದರೆ ಭೌತವಿಜ್ಞಾನದ ಬಳಿ ಉತ್ತರವಿಲ್ಲ.

ಪೆಟ್ಟಿಗೆಗಳಿಗೂ ಪರೀಕ್ಷೆ ಇದೆ. 1948ರಿಂದ ಕೆಲಸ ಮಾಡುತ್ತಿರುವ ‘ಇಸ್ಟಾ’ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಇದಕ್ಕೆ ವಿಧಿವಿಧಾನ ರೂಪಿಸಿದೆ. ಅದರ ಆರಂಭಿಕ ಮಟ್ಟದ ಪರೀಕ್ಷೆಯಲ್ಲಿ ಹತ್ತು ಕಿಲೋಗಿಂತ ಕಡಿಮೆ ತೂಕದ ಪೆಟ್ಟಿಗೆಯನ್ನು 76 ಸೆಂ.ಮೀ. ಎತ್ತರದಿಂದ ಹತ್ತು ಸಲ ಬೀಳಿಸುತ್ತಾರೆ. ಮೊದಲು ಒಂದು ಮೂಲೆಯ ಮೇಲೆ, ಆಮೇಲೆ ಆ ಮೂಲೆಯಿಂದ ಹೊರಡುವ ಮೂರು ಅಂಚುಗಳ ಮೇಲೆ, ಕೊನೆಗೆ ಆರೂ ಮುಖಗಳ ಮೇಲೆ. ಮೂಲೆಯಿಂದಲೇ ಶುರು ಮಾಡುವುದರಲ್ಲಿ ಅರ್ಥವಿದೆ. ಪೆಟ್ಟಿಗೆಯ ಮೈಮೇಲೆ ಪೇರಿಸಿದ ಭಾರದ ಹೆಚ್ಚು ಪಾಲನ್ನು ಹೊರುವುದು ಅದರ ನಾಲ್ಕು ಮೂಲೆಗಳ ನಿಟ್ಟಂಚುಗಳು. ಮೂಲೆ ಒಮ್ಮೆ ನಜ್ಜುಗುಜ್ಜಾದರೆ ಮಿಕ್ಕ ರಟ್ಟು ಎಷ್ಟೇ ಹೊಸದಾಗಿ ಕಂಡರೂ ಪೆಟ್ಟಿಗೆಯ ಶಕ್ತಿ ಹೋಯಿತೆಂದೇ ಲೆಕ್ಕ.

ಈ ರಟ್ಟು ಎಲ್ಲಿಂದ ಬಂತು ಎಂಬುದು ಸ್ವಲ್ಪ ತಮಾಷೆಯ ಕಥೆ. ಕಾಗದವನ್ನು ಅಲೆಅಲೆಯಾಗಿ ಮಡಿಸುವ ವಿದ್ಯೆಗೆ 1856ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ಹೀಲಿ ಮತ್ತು ಆ್ಯಲೆನ್ ಅವರ ತಲೆಯಲ್ಲಿದ್ದದ್ದು ಪೆಟ್ಟಿಗೆಯಲ್ಲ, ತಲೆಯ ಮೇಲಿನ ಟೋಪಿ. ಎತ್ತರದ ಟೋಪಿಗಳ ಒಳಪಟ್ಟಿಗೆ ಬೆವರು ತಡೆಯುವ, ಮೆತ್ತಗಿನ ಅಸ್ತರಿಯಾಗಿ ಅದನ್ನು ಬಳಸುತ್ತಿದ್ದರು. 1871ರಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಜೋನ್ಸ್ ಅದೇ ಅಲೆಹಾಳೆಯನ್ನು ಬಾಟಲಿ, ಲಾಟೀನಿನ ಗಾಜಿಗೆ ಸುತ್ತಿದ. 1874ರಲ್ಲಿ ಆಲಿವರ್ ಲಾಂಗ್ ಅಲೆಯ ಎರಡೂ ಬದಿಗೆ ಚಪ್ಪಟೆ ಹಾಳೆ ಅಂಟಿಸುವ ಉಪಾಯ ಕಂಡುಕೊಂಡ. ಇವತ್ತು ನಮ್ಮ ಬಾಗಿಲಿಗೆ ಬರುವ ರಟ್ಟು ಮೂಲತಃ ಅದೇ. ನಡುವೆ ಅಲೆ, ಆಚೀಚೆ ಹಾಳೆ. ಪೆಟ್ಟಿಗೆ ಮಾಡುವವರ ಬಾಯಲ್ಲಿ ‘ಮೂರು ಪ್ಲೈ’. ಎರಡು ಅಲೆ, ಮೂರು ಹಾಳೆಯಾದರೆ ‘ಐದು ಪ್ಲೈ’. ಟಿವಿ, ಮಿಕ್ಸಿ, ಕುಕ್ಕರುಗಳಿಗೆ ಐದು ಪ್ಲೈ ಬೇಕು.

ಕಾರ್ಖಾನೆಯ ಮಾಡಿಗೆ ಹಾಕುವ ತಗಡಿನ ಶೀಟು ಸಪಾಟಾಗಿದ್ದರೆ ಕೈಯಲ್ಲೇ ಬಾಗುತ್ತದೆ, ಅಲೆ ಇದ್ದರೆ ಮೇಲೆ ಆಳು ನಡೆದಾಡಬಹುದು. ಕಾಗದದಲ್ಲೂ ನಡೆಯುವುದು ಇದೇ. ಎರಡು ತೆಳು ಹಾಳೆಗಳನ್ನು ದೂರ ದೂರ ಹಿಡಿದಿಟ್ಟರೆ ಸಾಕು, ಬಾಗುವಿಕೆಗೆ ಅವು ಒಡ್ಡುವ ಪ್ರತಿರೋಧ ನಡುವಿನ ದೂರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ದೂರ ಎರಡರಷ್ಟಾದರೆ ಬಿಗುವು ಸುಮಾರು ನಾಲ್ಕರಷ್ಟು. ಆ ದೂರವನ್ನು ಕಾಯುವುದಷ್ಟೇ ಅಲೆಯ ಕೆಲಸ. ರಟ್ಟಿನೊಳಗೆ ಕಾಗದಕ್ಕಿಂತ ಗಾಳಿಯೇ ಹೆಚ್ಚು. ಆ ಗಾಳಿ ದುಡಿಯುವ ಗಾಳಿ. ನಾನು ತಕರಾರು ತೆಗೆಯುತ್ತಿರುವುದು ಪೆಟ್ಟಿಗೆಯೊಳಗೆ ಸುಮ್ಮನೆ ಕೂತು ಪ್ರಯಾಣ ಮಾಡುವ ಗಾಳಿಯ ಬಗ್ಗೆ.

ಪೆಟ್ಟಿಗೆ ಎಷ್ಟು ಭಾರ ಹೊರಬಲ್ಲದು ಎಂದು ಲೆಕ್ಕ ಹಾಕುವ ಸೂತ್ರವನ್ನು ಅಮೆರಿಕದ ಆ್ಯಪಲ್‌ಟನ್ನಿನಲ್ಲಿದ್ದ ಕಾಗದ ರಸಾಯನಶಾಸ್ತ್ರ ಸಂಸ್ಥೆಯ ಮೆಕೀ ಮತ್ತು ಸಂಗಡಿಗರು 1963ರಲ್ಲಿ ಕೊಟ್ಟರು. ರಟ್ಟಿನ ಅಂಚನ್ನು ಜಜ್ಜಲು ಬೇಕಾದ ಬಲ, ರಟ್ಟಿನ ದಪ್ಪ, ಪೆಟ್ಟಿಗೆಯ ಸುತ್ತಳತೆ ಈ ಮೂರು ಗೊತ್ತಿದ್ದರೆ ಸಾಕು. ಪೆಟ್ಟಿಗೆ ಮಾಡುವವರು ಇಂದಿಗೂ ಇದನ್ನೇ ಬಳಸುತ್ತಾರೆ. ಆದರೆ ಸೂತ್ರದಲ್ಲಿ ಕಾಣದ ಒಂದು ಅಂಶ ಮಳೆಗಾಲ. ಕಾಗದದ ಗಟ್ಟಿತನವೆಲ್ಲ ಸೆಲ್ಯುಲೋಸ್ ನಾರುಗಳು ಒಂದಕ್ಕೊಂದು ಹೈಡ್ರೋಜನ್ ಬಂಧದಿಂದ ಅಂಟಿಕೊಂಡಿರುವುದರಲ್ಲಿದೆ. ನೀರಿನ ಅಣು ನಡುವೆ ನುಸುಳಿದರೆ ಆ ಬಂಧ ಸಡಿಲ. ಗಾಳಿಯ ತೇವಾಂಶ ಶೇ. 50ರಿಂದ 90ಕ್ಕೆ ಏರಿದರೆ ಪೆಟ್ಟಿಗೆ ತನ್ನ ಭಾರ ಹೊರುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಕಳೆದುಕೊಳ್ಳುತ್ತದೆ. ಜುಲೈ ತಿಂಗಳಲ್ಲಿ ಮಂಗಳೂರಿಗೋ ಆಗುಂಬೆಗೋ ಹೋಗುವ ಪಾರ್ಸೆಲ್ಲಿಗೆ ಇನ್ನೊಂದು ಪದರ ಬಿತ್ತೆಂದರೆ ಅದು ದುಂದಲ್ಲ. ಬೇಸರದ ಸಂಗತಿಯೆಂದರೆ ಆ ಪದರ ಏಪ್ರಿಲಿನಲ್ಲಿ ಕಲಬುರಗಿಗೆ ಹೋಗುವ ಪಾರ್ಸೆಲ್ಲಿಗೂ ಬೀಳುತ್ತದೆ.

ಗುಳ್ಳೆ ಹಾಳೆಯದೂ ಟೋಪಿಯಂಥದ್ದೇ ಹುಟ್ಟು. 1957ರಲ್ಲಿ ನ್ಯೂಜೆರ್ಸಿಯ ಆಲ್ಫ್ರೆಡ್ ಫೀಲ್ಡಿಂಗ್ ಮತ್ತು ಮಾರ್ಕ್ ಶಾವಾನ್ ಗೋಡೆಗೆ ಅಂಟಿಸುವ ಉಬ್ಬುಚಿತ್ತಾರದ ಹಾಳೆ ಮಾಡಲು ಹೋಗಿದ್ದರು. ಯಾರಿಗೂ ಬೇಡವಾಯಿತು. ಗಿಡ ಬೆಳೆಸುವ ಹಸಿರುಮನೆಗೆ ಹೊದಿಕೆಯಾಗಿಯೂ ಓಡಲಿಲ್ಲ. ಐಬಿಎಂ ತನ್ನ 1401 ಕಂಪ್ಯೂಟರುಗಳನ್ನು ಸಾಗಿಸುವಾಗ ಅದನ್ನು ಸುತ್ತಿದ ಮೇಲೆ ಅದಕ್ಕೆ ಕೆಲಸ ಸಿಕ್ಕಿತು. ಕಂಪ್ಯೂಟರಿಗಾಗಿ ನೆಲೆ ಕಂಡುಕೊಂಡ ಹಾಳೆ ಈಗ ಕಂಪ್ಯೂಟರಿನಲ್ಲಿ ಆರ್ಡರ್ ಮಾಡಿದ ಬಾಚಣಿಗೆಯನ್ನೂ ಸುತ್ತಿಕೊಂಡು ಬರುತ್ತದೆ.

ಈಗ ಆ ಮೊದಲ ಪ್ರಶ್ನೆ. ಬಾಚಣಿಗೆಗೆ ಇಷ್ಟು ದೊಡ್ಡ ಪೆಟ್ಟಿಗೆ ಯಾಕೆ?

ಒಂದು ಕಾರಣ ಗಣಿತದ್ದು. ಬೇರೆ ಬೇರೆ ಆಕಾರದ ವಸ್ತುಗಳನ್ನು ಅತಿ ಕಡಿಮೆ ಜಾಗದಲ್ಲಿ ಜೋಡಿಸುವುದು ಕಂಪ್ಯೂಟರ್ ವಿಜ್ಞಾನದಲ್ಲಿ ಹೆಸರಾದ ಕಗ್ಗಂಟು. ಎನ್‌ಪಿ-ಹಾರ್ಡ್ ಎಂಬ ಗುಂಪಿಗೆ ಸೇರಿದ ಲೆಕ್ಕ ಅದು. ವಸ್ತುಗಳ ಸಂಖ್ಯೆ ಏರುತ್ತಿದ್ದಂತೆ ಅತ್ಯುತ್ತಮ ಜೋಡಣೆಯನ್ನು ಖಚಿತವಾಗಿ ಹುಡುಕುವ ಚುರುಕಾದ ದಾರಿ ಯಾರಿಗೂ ಗೊತ್ತಿಲ್ಲ. ಇಟ್ಟಿಗೆಯಾಕಾರದ ಒಂದು ಡಬ್ಬಿಯನ್ನು ಆರು ಬಗೆಯಲ್ಲಿ ಇಡಬಹುದು. ಐದು ಡಬ್ಬಿಗಳಾದರೆ ಬರೀ ತಿರುಗಿಸಿ ಇಡುವ ಬಗೆಗಳೇ 7,776. ಹತ್ತಾದರೆ ಆರು ಕೋಟಿ ದಾಟುತ್ತದೆ. ಯಾವುದರ ಪಕ್ಕ ಯಾವುದು ಎಂಬ ಪ್ರಶ್ನೆ ಇನ್ನೂ ಶುರುವಾಗಿಲ್ಲ. ಕಂಪನಿಗಳ ತಂತ್ರಾಂಶಗಳು ‘ಸುಮಾರಾಗಿ ಒಳ್ಳೆಯದು’ ಎನ್ನಬಹುದಾದ ಉತ್ತರವನ್ನು ಕ್ಷಣದಲ್ಲಿ ಹುಡುಕುತ್ತವೆ. ಅದಕ್ಕೆ ಪ್ರತಿ ವಸ್ತುವಿನ ಅಳತೆ ಸರಿಯಾಗಿ ದಾಖಲಾಗಿರಬೇಕು. ಮಾರಾಟಗಾರ ಇಂಚಿನ ಜಾಗದಲ್ಲಿ ಸೆಂಟಿಮೀಟರಿನ ಅಂಕಿ ತುಂಬಿದ್ದರೆ ಯಂತ್ರ ಬಾಚಣಿಗೆಯನ್ನು ಸೌಟೆಂದು ನಂಬುತ್ತದೆ.

ಇನ್ನೊಂದು ಕಾರಣ ಪ್ಯಾಕಿಂಗ್ ಮೇಜಿನದ್ದು. ಗೋದಾಮಿನಲ್ಲಿ ನೂರಾರು ಅಳತೆಯ ಪೆಟ್ಟಿಗೆ ಇಟ್ಟುಕೊಳ್ಳಲಾಗುವುದಿಲ್ಲ. ಪ್ರತಿ ಅಳತೆಗೂ ಬೇರೆ ದಾಸ್ತಾನು, ಬೇರೆ ಕಪಾಟು ಬೇಕು. ಜೊತೆಗೆ ಅದನ್ನು ಹುಡುಕಿ ಎತ್ತಿಕೊಳ್ಳುವ ಕ್ಷಣಗಳು. ಹಾಗಾಗಿ ಕೈಗೆಟುಕುವ ಕೆಲವೇ ಅಳತೆಗಳಲ್ಲಿ ಎಲ್ಲವೂ ಮುಗಿಯಬೇಕು. ಅಲ್ಲಿ ನಿಂತವರ ಕೆಲಸವನ್ನು ಗಂಟೆಗೆ ಎಷ್ಟು ಪಾರ್ಸೆಲ್ ಎಂದು ಎಣಿಸುತ್ತಾರೆಯೇ ಹೊರತು ಎಷ್ಟು ರಟ್ಟು ಉಳಿಸಿದರು ಎಂದಲ್ಲ. ಸರಿಯಾದ ಪೆಟ್ಟಿಗೆ ಖಾಲಿಯಾಗಿದ್ದರೆ ಪಕ್ಕದಲ್ಲಿರುವ ದೊಡ್ಡದು ಬರುತ್ತದೆ, ಚಿಕ್ಕದು ಬರಲು ಸಾಧ್ಯವಿಲ್ಲವಲ್ಲ. ಇನ್ನು ಪಾರ್ಸೆಲ್ ವಿಂಗಡಿಸುವ ಬೆಲ್ಟಿನ ಮೇಲೆ ಬೆಂಕಿಪೊಟ್ಟಣದಷ್ಟು ಚಿಕ್ಕದು ಹೋದರೆ ಸಂದಿಯಲ್ಲಿ ಕಳೆದುಹೋಗುತ್ತದೆ, ವಿಳಾಸದ ಚೀಟಿ ಅಂಟಿಸಲೂ ಒಂದಿಷ್ಟು ಮೈ ಬೇಕು.

ಆದರೆ ನಿರ್ಣಾಯಕವಾದದ್ದು ಬೇರೆಯೇ ಲೆಕ್ಕ. ಕಾಲ್ಪನಿಕ ಅಂಕಿಗಳಲ್ಲಿ ಹೇಳುತ್ತೇನೆ. 500 ರೂಪಾಯಿಯ ಗಾಜಿನ ಜಾಡಿ, ನೂರು ಕಳಿಸಿದರೆ ಮೂರು ಒಡೆಯುತ್ತವೆ. ಪ್ರತಿಯೊಂದಕ್ಕೂ ಐದು ರೂಪಾಯಿಯ ಹೆಚ್ಚುವರಿ ಪ್ಯಾಕಿಂಗ್ ಹಾಕಿದರೆ ಒಂದೇ ಒಡೆಯುತ್ತದೆ ಎಂದಿಟ್ಟುಕೊಳ್ಳಿ. ಖರ್ಚು 500, ಉಳಿತಾಯ 1000. ವಾಪಸ್ ತರುವ ಬಾಡಿಗೆ, ಗಿರಾಕಿಯ ಸಿಟ್ಟು, ಒಂದು ನಕ್ಷತ್ರದ ವಿಮರ್ಶೆ ಇವನ್ನೆಲ್ಲ ಸೇರಿಸದೆಯೇ ಲಾಭ ಎದುರಿಗಿದೆ. ಆದ್ದರಿಂದ ಹೆಚ್ಚು ಸುತ್ತುವುದೇ ಜಾಣತನ. ಜಾಡಿಗೆ ಸರಿಯಾದ ಈ ಲೆಕ್ಕವನ್ನು ಬಾಚಣಿಗೆಗೂ ಅಂಗಿಗೂ ಬೇರೆಯಾಗಿ ಮಾಡುತ್ತ ಕೂರಲು ಮೇಜಿನ ಬಳಿ ಯಾರಿಗೂ ಪುರುಸೊತ್ತಿಲ್ಲ. ಎಲ್ಲದಕ್ಕೂ ಜಾಡಿಯ ನಿಯಮವೇ. ಈ ಲೆಕ್ಕದಲ್ಲಿ ಪೆಟ್ಟಿಗೆಯ ಜೀವನ ನಮ್ಮ ಹೊಸ್ತಿಲಿಗೆ ಮುಗಿಯುತ್ತದೆ ಎಂಬುದನ್ನೂ ಗಮನಿಸಿ. ಆಮೇಲಿನ ಖರ್ಚು ಪೌರಕಾರ್ಮಿಕರದ್ದು, ಪಾಲಿಕೆಯದ್ದು, ಗುಜರಿ ಆಯುವವರದ್ದು. ಪೆಟ್ಟಿಗೆ ಆರಿಸುವವನ ಪುಸ್ತಕದಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ.

ಪೆಟ್ಟಿಗೆಯೊಳಗಿನ ಪೆಟ್ಟಿಗೆಯನ್ನೂ ಮರೆಯಬಾರದು. ಅಂಗಡಿಯ ಕಪಾಟಿನಲ್ಲಿ ಕಣ್ಣು ಸೆಳೆಯಲು, ಕಳ್ಳ ಜೇಬಿಗಿಳಿಸದಂತೆ ತಡೆಯಲು ತಯಾರಕರು ಚಿಕ್ಕ ವಸ್ತುವಿಗೆ ಬೇಕೆಂದೇ ದೊಡ್ಡ ಡಬ್ಬಿ ಮಾಡುತ್ತಾರೆ. ಆನ್‌ಲೈನಿನಲ್ಲಿ ಕಪಾಟೂ ಇಲ್ಲ, ಜೇಬುಗಳ್ಳನೂ ಇಲ್ಲ, ಡಬ್ಬಿ ಮಾತ್ರ ಹಾಗೇ ಇದೆ. ತಯಾರಕರ ಡಬ್ಬಿಯನ್ನೇ ಗಟ್ಟಿ ಮಾಡಿ, ಹೊರಪೆಟ್ಟಿಗೆಯಿಲ್ಲದೆ ಕಳಿಸುವ ಯೋಜನೆಯನ್ನು ಅಮೆಜಾನ್ 2008ರಲ್ಲೇ ಶುರು ಮಾಡಿತ್ತು. ಎಷ್ಟು ಸರಳ ಎನಿಸುತ್ತದೆ, ಆದರೆ ಅದಕ್ಕೆ ಒಬ್ಬೊಬ್ಬ ತಯಾರಕನನ್ನೂ ಒಪ್ಪಿಸಬೇಕು.

ಬಿಡಿಬಿಡಿಯಾಗಿ ಬರುವುದರ ದುಂದನ್ನು ಶಾಲೆಯ ಜ್ಯಾಮಿತಿಯೇ ಹೇಳುತ್ತದೆ. ಒಂದೇ ಅಳತೆಯ ಎಂಟು ಘನಾಕೃತಿಗಳನ್ನು ಎಂಟು ಪೆಟ್ಟಿಗೆಯಲ್ಲಿ ಕಳಿಸುವ ಬದಲು ಎರಡರಷ್ಟು ಬದಿಯ ಒಂದೇ ಪೆಟ್ಟಿಗೆಯಲ್ಲಿ ಕಳಿಸಿದರೆ ರಟ್ಟು ಸರಿಯಾಗಿ ಅರ್ಧ ಸಾಕು. ಬೇಗ ಬೇಕೆಂಬ ಒಂದೇ ಕಾರಣಕ್ಕೆ ಆರ್ಡರು ಮೂರು ಊರುಗಳ ಮೂರು ಗೋದಾಮುಗಳಿಂದ ಒಡೆದು ಬರುತ್ತದೆ. ಎಲ್ಲ ಒಟ್ಟಿಗೆ ಒಂದು ದಿನ ತಡವಾಗಿ ಬರಲಿ ಎಂಬ ಆಯ್ಕೆ ಕಂಡಾಗ ಅದನ್ನು ಒತ್ತುವುದು ಗಿರಾಕಿಯ ಕೈಯಲ್ಲಿರುವ ಅತಿ ದೊಡ್ಡ ಉಳಿತಾಯ. ಬೆರಳಿಗೆ ಸಣ್ಣ ಕೆಲಸ, ತಾಳ್ಮೆಗೆ ದೊಡ್ಡದು.

ಪ್ಲಾಸ್ಟಿಕ್ ಬಿಟ್ಟು ಕಾಗದಕ್ಕೆ ಬಂದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಕಂಪನಿಗಳಿಗೂ ಅದು ಗೊತ್ತು. ತನ್ನ ಗೋದಾಮುಗಳ ಪ್ಯಾಕಿಂಗಿನಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕನ್ನು ತೆಗೆದುಹಾಕಿದ್ದೇವೆ ಎಂದು ಅಮೆಜಾನ್ ಇಂಡಿಯಾ 2020ರಲ್ಲಿ, ಬೆಂಗಳೂರಿನಲ್ಲಿ 2007ರಲ್ಲಿ ಪುಸ್ತಕ ಮಾರುತ್ತ ಹುಟ್ಟಿದ ಫ್ಲಿಪ್‌ಕಾರ್ಟ್ 2021ರಲ್ಲಿ ಘೋಷಿಸಿದವು. ಒಳ್ಳೆಯದೇ. ಆದರೆ ಅವುಗಳ ಜಾಲತಾಣದಲ್ಲಿ ಮಾರುವ ಸಾವಿರಾರು ವ್ಯಾಪಾರಿಗಳು ತಾವೇ ಪ್ಯಾಕ್ ಮಾಡಿ ಕಳಿಸುವ ಸರಕಿಗೆ ಈ ಮಾತು ತಾನಾಗಿ ಅನ್ವಯಿಸುವುದಿಲ್ಲ.

ಅಮೆರಿಕದ ಆರೆಗನ್ ರಾಜ್ಯದ ಪರಿಸರ ಇಲಾಖೆ 2004ರಲ್ಲಿ ಬಟ್ಟೆಯಂಥ ಮೆತ್ತನೆಯ ಸರಕಿನ ಪ್ಯಾಕಿಂಗ್ ಬಗ್ಗೆ ಒಂದು ಅಧ್ಯಯನ ಮಾಡಿಸಿತ್ತು. ಕಚ್ಚಾವಸ್ತುವಿನಿಂದ ಕಸದವರೆಗೆ ಶಕ್ತಿ, ಹೊಗೆ, ತ್ಯಾಜ್ಯ ಎಲ್ಲವನ್ನೂ ಕೂಡಿದಾಗ ಗೆದ್ದದ್ದು ರಟ್ಟಿನ ಪೆಟ್ಟಿಗೆಯಲ್ಲ, ಹಗುರವಾದ ಚೀಲ. ಪೆಟ್ಟಿಗೆ ಮರುಬಳಕೆಯಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದರೂ ಹಾಗೆಯೇ. ಅಂಗಿಯೊಂದಕ್ಕೆ ಪ್ಲಾಸ್ಟಿಕ್ ಚೀಲ ಕೆಲವೇ ಗ್ರಾಂ ಸಾಕು, ಪೆಟ್ಟಿಗೆ ನೂರು ಗ್ರಾಂ ದಾಟುತ್ತದೆ. ಕಾಗದವೆಂದರೆ ಮರ, ನೀರು, ಹಬೆ, ವಿದ್ಯುತ್ತು. ಹತ್ತಿಪ್ಪತ್ತು ಪಟ್ಟು ತೂಕದ ಕಾಗದ ಕೆಲವು ಗ್ರಾಂ ಪ್ಲಾಸ್ಟಿಕ್ಕಿನ ಮುಂದೆ ಸೋಲುತ್ತದೆ. ಯಾವ ವಸ್ತು ಎಂಬುದಕ್ಕಿಂತ ಎಷ್ಟು ತೂಕ ಎಂಬುದೇ ಮುಖ್ಯವೆಂದು ಆ ಅಧ್ಯಯನ ತೋರಿಸಿತು.

ಈ ಫಲಿತಾಂಶವನ್ನು ನಾನು ನಂಬುತ್ತೇನೆ, ಆದರೆ ಬೆಂಗಳೂರಿಗೆ ಹಾಗೆಯೇ ತಂದು ಅಂಟಿಸಲಾರೆ. ಆರೆಗನ್ನಿನ ಲೆಕ್ಕದಲ್ಲಿ ರಾಜಕಾಲುವೆಯಿಲ್ಲ, ಬೀದಿ ಹಸುವಿಲ್ಲ, ಖಾಲಿ ಸೈಟಿನಲ್ಲಿ ಸಂಜೆ ಹಚ್ಚುವ ಬೆಂಕಿಯಿಲ್ಲ. ಒಂದು ಪ್ಲಾಸ್ಟಿಕ್ ಚೀಲ ಒಣ ಕಸದ ಚೀಲಕ್ಕೇ ಸೇರುತ್ತದೆ ಎಂಬ ಖಾತ್ರಿಯಿದ್ದರೆ ಅಂಗಿಗೆ ಅದೇ ಮೇಲು. ಖಾತ್ರಿಯಿಲ್ಲದಿದ್ದರೆ ಕಾಗದದ ಕವರ್ ಮೇಲು. ಎರಡೂ ಸಂದರ್ಭದಲ್ಲಿ ಪೆಟ್ಟಿಗೆ ದಂಡ. ಎಲ್ಲಕ್ಕಿಂತ ಕೆಟ್ಟದ್ದು ಬೆರಕೆ ಸಾಮಾನು: ಹೊರಗೆ ಕಾಗದ, ಒಳಗೆ ಗುಳ್ಳೆ ಹಾಳೆ ಅಂಟಿಸಿದ ಕವರು, ಪಾಲಿಥೀನಿನ ನಡುವೆ ನೈಲಾನಿನ ಪದರವಿಟ್ಟ ಗಾಳಿ ಕಂಬಗಳ ಚೀಲ. ಕಾಗದದ ಗಿರಣಿಗೂ ಬೇಡ, ಪ್ಲಾಸ್ಟಿಕ್ ಕರಗಿಸುವವನಿಗೂ ಬೇಡ. ‘ಮಣ್ಣಿನಲ್ಲಿ ಕರಗುತ್ತದೆ’ ಎಂದು ಹಸಿರೆಲೆ ಅಚ್ಚೊತ್ತಿದ ಚೀಲಗಳನ್ನೂ ನಾನು ಅನುಮಾನದಿಂದಲೇ ನೋಡುವುದು. ನಿಜವಾಗಿ ಗೊಬ್ಬರವಾಗುವ ಪ್ಲಾಸ್ಟಿಕ್ಕಿಗೂ ಸಾಮಾನ್ಯವಾಗಿ ಕಾರ್ಖಾನೆ ಮಟ್ಟದ ಬಿಸಿಗೊಬ್ಬರದ ಗುಡ್ಡೆ ಬೇಕು, ಮನೆಯ ಕುಂಡದಲ್ಲಿ ಅದು ವರ್ಷಗಟ್ಟಲೆ ಸುಮ್ಮನೆ ಮಲಗಬಹುದು. ಅದು ಮಾಮೂಲಿ ಪ್ಲಾಸ್ಟಿಕ್ಕಿನ ಜೊತೆ ಬೆರೆತರೆ ಮರುಬಳಕೆಯ ಮಾಲೂ ಕೆಡುತ್ತದೆ.

ಹೊಸ್ತಿಲು ದಾಟಿ ಹೊರಗೆ ಹೋದ ರಟ್ಟಿನ ಬೆನ್ನು ಹತ್ತೋಣ. 2012ರಲ್ಲಿ ಮಾವಳ್ಳಿಪುರದ ಕಸದ ಗುಂಡಿ ಮುಚ್ಚಿ, ಬೆಂಗಳೂರಿನ ಬೀದಿಗಳಲ್ಲಿ ಕಸ ರಾಶಿಬಿದ್ದ ಮೇಲೆ ವಾರ್ಡುಗಳಲ್ಲಿ ಒಣ ಕಸ ಸಂಗ್ರಹ ಕೇಂದ್ರಗಳು ಹೆಚ್ಚಿದವು. ಹಲವನ್ನು ನಡೆಸುವವರು ಹಿಂದೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದವರೇ. ಹಸಿರುದಳದಂಥ ಸಂಘಟನೆಗಳು ಅವರ ಬೆನ್ನಿಗಿವೆ. ಹೈಕೋರ್ಟು 2015ರಲ್ಲಿ ಹಸಿ, ಒಣ, ಅಪಾಯಕಾರಿ ಕಸಗಳನ್ನು ಮನೆಯಲ್ಲೇ ಬೇರೆ ಮಾಡಬೇಕೆಂದು ಹೇಳಿ, ಎರಡು ಬುಟ್ಟಿ ಒಂದು ಚೀಲದ ಪದ್ಧತಿಗೆ ಒಪ್ಪಿಗೆಯಿತ್ತಿತು. ಈ ಕೇಂದ್ರಗಳಲ್ಲಿ, ಗುಜರಿ ಅಂಗಡಿಗಳಲ್ಲಿ ರಟ್ಟಿಗೆ ಖಚಿತ ಬೆಲೆಯಿದೆ. ಅದನ್ನು ಒತ್ತಿ ಕಟ್ಟು ಕಟ್ಟಿ ನಂಜನಗೂಡಿನ ಕಡೆಯಂಥ ರದ್ದಿ ಆಧಾರಿತ ಕಾಗದದ ಗಿರಣಿಗಳಿಗೆ ಸಾಗಿಸುತ್ತಾರೆ. ನಮ್ಮ ದೇಶದ ಕಂದು ರಟ್ಟಿನ ಕಾಗದದ ಬಹುಪಾಲು ಹೊಸ ಮರದಿಂದಲ್ಲ, ರದ್ದಿಯಿಂದಲೇ ಆಗುವುದು.

ಗಿರಣಿಯಲ್ಲಿ ರಟ್ಟನ್ನು ದೊಡ್ಡ ತೊಟ್ಟಿಯ ನೀರಿನಲ್ಲಿ ಕಡೆದು ತಿರುಳು ಮಾಡುತ್ತಾರೆ. ಸಡಿಲಾದ ನಾರುಗಳು ಮತ್ತೆ ಹಾಳೆಯಾಗಿ ಒಣಗುವಾಗ ಹೈಡ್ರೋಜನ್ ಬಂಧಗಳು ಮರುಹುಟ್ಟು ಪಡೆಯುತ್ತವೆ. ಆದರೆ ಪ್ರತಿ ಸುತ್ತಿಗೂ ನಾರು ಸ್ವಲ್ಪ ತುಂಡಾಗುತ್ತದೆ, ಒಣಗಿ ಒಣಗಿ ಗಡುಸಾಗಿ ಮೊದಲಿನಂತೆ ನೀರು ಹೀರಿ ಹಿಗ್ಗುವುದಿಲ್ಲ. ಐದರಿಂದ ಏಳು ಸುತ್ತಿಗೆ ಅದರ ಕಥೆ ಮುಗಿಯಿತು. ಅದಕ್ಕಾಗಿ ಉದ್ದ ನಾರಿನ ಹೊಸ ರಕ್ತ ಬೇಕು. ಪೈನ್‌ನಂಥ ಶೀತದೇಶದ ಮರದ ನಾರು ಸುಮಾರು ಮೂರು ಮಿಲಿಮೀಟರ್, ನೀಲಗಿರಿಯಂಥದ್ದು ಸುಮಾ­ರು ಒಂದೇ. ಹಾಗಾಗಿ ಭಾರತ ಅಮೆರಿಕ, ಯುರೋಪುಗಳಿಂದ ಹಳೆಯ ರಟ್ಟನ್ನು ಹಡಗಿನಲ್ಲಿ ತರಿಸುತ್ತದೆ. ನಮ್ಮ ಗಲ್ಲಿಯ ರಟ್ಟು ಮಳೆಯಲ್ಲಿ ಕೊಳೆಯುತ್ತಿರುವಾಗ ಪರದೇಶದ ರಟ್ಟು ಬಂದರಿನಲ್ಲಿ ಇಳಿಯುತ್ತದೆ.

ಗಿರಣಿಯವರಿಗೆ ತಲೆನೋವು ರಟ್ಟಲ್ಲ, ಟೇಪು. ಹೊಳೆಯುವ ಕಂದು ಟೇಪು ಪಾಲಿಪ್ರೊಪಿಲೀನ್ ಪಟ್ಟಿ. ಅದು ತೊಟ್ಟಿಯಲ್ಲಿ ಹೇಗೋ ಬೇರೆಯಾಗುತ್ತದೆ. ಅದರ ಅಂಟು ಮಾತ್ರ ಕಣ್ಣಿಗೆ ಕಾಣದ ಜಿಗುಟು ಚುಕ್ಕೆಗಳಾಗಿ ತಿರುಳಿನ ಜೊತೆ ಹೋಗಿ ಹಾಳೆಯಲ್ಲಿ ತೂತು ಮಾಡುತ್ತದೆ, ಬಿಸಿ ಉರುಳೆಗೆ ಹಿಡಿದು ಓಡುತ್ತಿರುವ ಕಾಗದವನ್ನು ಹರಿಯುತ್ತದೆ. ಕೊನೆಯ ಬಾಗಿಲಿನ ನಮ್ಮ ಕೆಲಸ ಇಲ್ಲಿದೆ. ಪೆಟ್ಟಿಗೆ ಬಂದ ದಿನವೇ ಟೇಪು ಕಿತ್ತು, ಚಪ್ಪಟೆ ಮಾಡಿ, ಒಣಗಿದ ಜಾಗದಲ್ಲಿ ನಿಲ್ಲಿಸಿಡಿ. ಹಸಿ ಕಸದ ನೀರು ತಾಗಿದ ರಟ್ಟಿಗೆ ಗುಜರಿಯವರು ಬೆಲೆ ಕಟ್ಟುವುದಿಲ್ಲ, ಕಟ್ಟಿದರೂ ಅರ್ಧ. ಮಂಚದಡಿಯಲ್ಲಿ ‘ಮುಂದೆ ಬೇಕಾದೀತು’ ಎಂದು ತಿಂಗಳುಗಟ್ಟಲೆ ಪೇರಿಸಿಟ್ಟರೆ ಅಲೆಗಳ ಸಂದಿ ಜಿರಳೆಗೆ ಬಾಣಂತಿಕೋಣೆ, ನೆಲಮಹಡಿಯಲ್ಲಾದರೆ ಗೆದ್ದಲಿಗೆ ಊಟ.

ವಿಳಾಸದ ಚೀಟಿಯನ್ನು ಸುಲಿದು ತೆಗೆಯುವುದು ಕಷ್ಟ. ಅದು ಹೆಚ್ಚಾಗಿ ಶಾಯಿಯಿಲ್ಲದೆ ಶಾಖದಿಂದ ಕಪ್ಪಾಗುವ ಕಾಗದ. ಇಸ್ತ್ರಿಪೆಟ್ಟಿಗೆಯನ್ನು ಬಿಸಿ ಮಾಡಿ ಅದರ ಮೇಲೆ ಒಂದು ಸಲ ಎಳೆಯಿರಿ, ಹೆಸರು, ಫೋನ್ ನಂಬರು ಎಲ್ಲ ಕಪ್ಪಿನಲ್ಲಿ ಮುಳುಗುತ್ತವೆ. ಬಣ್ಣ ಬರಿಸಲು ಬಳಸುವ ರಾಸಾಯನಿಕಗಳಲ್ಲಿ ಬಿಸ್ಫಿನಾಲ್ ಜಾತಿಯವೂ ಇರುವುದರಿಂದ ಚೀಟಿಯನ್ನು ಗೊಬ್ಬರದ ಬುಟ್ಟಿಗೆ ಹಾಕಬೇಡಿ. ಚೀಟಿ, ಟೇಪು ತೆಗೆದ ಬರೀ ಕಂದು ರಟ್ಟನ್ನು ಹಾಕಬಹುದು, ಹಾಕಬೇಕು ಕೂಡ. ಅಡುಗೆಮನೆಯ ಹಸಿ ಕಸದಲ್ಲಿ ಇಂಗಾಲಕ್ಕೆ ಹೋಲಿಸಿದರೆ ಸಾರಜನಕ ಜಾಸ್ತಿ, ಅದಕ್ಕೇ ಬುಟ್ಟಿ ನಾರುವುದು. ಸೂಕ್ಷ್ಮಜೀವಿಗಳಿಗೆ ಹದವೆಂದರೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ. ರಟ್ಟಿನಲ್ಲಿ ಆ ಅನುಪಾತ ನೂರಾರು. ತೆಂಗಿನ ನಾರಿನ ಪುಡಿ ಕೊಂಡು ತರುವವರು ಕೈಯಲ್ಲಿರುವ ರಟ್ಟನ್ನು ನೆನೆಸಿ ಹರಿದು ಹಾಕಿದರೂ ನಡೆಯುತ್ತದೆ.

ಕಾನೂನಿನ ಕಡೆ ನೋಡಿದರೆ ಚಿತ್ರ ಚೂರುಚೂರು. 2022ರ ಜುಲೈ 1ರಿಂದ ದೇಶ ನಿಷೇಧಿಸಿದ ಒಮ್ಮೆ ಬಳಸುವ ಪ್ಲಾಸ್ಟಿಕ್ಕಿನ ಪಟ್ಟಿಯಲ್ಲಿ ಕಿವಿಕಡ್ಡಿ, ಸ್ಟ್ರಾ, ಸಿಹಿತಿಂಡಿ ಡಬ್ಬಿಯ ಮೇಲಿನ ಹಾಳೆ ಇವೆ. ಕೊರಿಯರ್ ಚೀಲ, ಗುಳ್ಳೆ ಹಾಳೆ ಇಲ್ಲ. ಅದೇ ವರ್ಷದ ಫೆಬ್ರವರಿಯ ನಿಯಮಗಳು ಪ್ಲಾಸ್ಟಿಕ್ ಪ್ಯಾಕಿಂಗ್ ಬಳಸುವ ಬ್ರ್ಯಾಂಡುಗಳು, ಆನ್‌ಲೈನ್ ಮಾರುಕಟ್ಟೆಗಳು ಅಷ್ಟೇ ಪ್ಲಾಸ್ಟಿಕ್ಕನ್ನು ಮರಳಿ ಸಂಸ್ಕರಿಸಿದ್ದಕ್ಕೆ ಪ್ರಮಾಣಪತ್ರ ತೋರಿಸಬೇಕೆಂದವು. ಮರುವರ್ಷವೇ ಗುಜರಾತ್, ಮಹಾರಾಷ್ಟ್ರ, ಕರ್ನಾಟಕದ ನಾಲ್ಕು ಘಟಕಗಳು ಸುಮಾರು 6 ಲಕ್ಷ ನಕಲಿ ಪ್ರಮಾಣಪತ್ರ ಸೃಷ್ಟಿಸಿದ್ದನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಪತ್ತೆ ಹಚ್ಚಿತು. ಕಸಕ್ಕಿಂತ ವೇಗವಾಗಿ ಕಾಗದ ಓಡುವುದು ನಮ್ಮಲ್ಲಿ ಹೊಸದಲ್ಲ.

ಗಾಳಿಗೇ ಮಿತಿ ಹಾಕಲು ಹೊರಟವರೂ ಇದ್ದಾರೆ. ದಕ್ಷಿಣ ಕೊರಿಯಾ 2024ರಲ್ಲಿ, ಪಾರ್ಸೆಲ್ಲಿನ ಖಾಲಿ ಜಾಗ ಅರ್ಧ ಮೀರಬಾರದು, ಒಂದಕ್ಕಿಂತ ಹೆಚ್ಚು ಹೊದಿಕೆ ಕೂಡದು ಎಂಬ ನಿಯಮ ತಂದು, ಹೊಂದಿಕೊಳ್ಳಲು ಎರಡು ವರ್ಷ ಕೊಟ್ಟಿತು. 2025ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಯುರೋಪಿಯನ್ ಒಕ್ಕೂಟದ ಪ್ಯಾಕಿಂಗ್ ಕಾಯ್ದೆ 2030ರ ಹೊತ್ತಿಗೆ ಅದೇ ಅರ್ಧದ ಮಿತಿ ಹೇರುತ್ತದೆ. ಅದರಲ್ಲಿ ಒಂದು ಜಾಣ ಸಾಲಿದೆ: ಗಾಳಿ ದಿಂಬು, ಗುಳ್ಳೆ ಹಾಳೆ, ಕಾಗದದ ಚೂರು ತುಂಬಿದ ಜಾಗವನ್ನೂ ಖಾಲಿ ಜಾಗವೆಂದೇ ಎಣಿಸಬೇಕು. ಆ ಸಾಲಿಲ್ಲದಿದ್ದರೆ ದಿಂಬು ಮಾರುವವರಿಗೆ ಹಬ್ಬವಾಗುತ್ತಿತ್ತು.

ಪೆಟ್ಟಿಗೆಯೇ ಮರಳಿ ಹೋದರೆ? ಹಿಂದೆ ಅಂಚೆಯ ಪಾರ್ಸೆಲ್ಲನ್ನು ಬಿಳಿ ಬಟ್ಟೆಯಲ್ಲಿ ಹೊಲಿದು, ಹೊಲಿಗೆಯ ಮೇಲೆ ಅರಗಿನ ಮುದ್ರೆ ಒತ್ತುತ್ತಿದ್ದರು. ದೊಡ್ಡ ಅಂಚೆ ಕಚೇರಿಗಳ ಮುಂದೆ ಹೊಲಿದು ಕೊಡುವವರೂ ಕೂರುತ್ತಿದ್ದರು. ಹಪ್ಪಳ ಸಂಡಿಗೆ ಹೊತ್ತು ಹೋದ ಬಟ್ಟೆ ಆ ಕಡೆಯ ಮನೆಯಲ್ಲಿ ಒರೆಸುವ ಬಟ್ಟೆಯಾಗುತ್ತಿತ್ತು. ಫಿನ್ಲೆಂಡಿನ ‘ರಿಪ್ಯಾಕ್’ ಎಂಬ ಕಂಪನಿ 2011ರಿಂದ ಗಟ್ಟಿ ಚೀಲಗಳನ್ನು ಕಳಿಸುತ್ತಿದೆ. ಖಾಲಿಯಾದ ಚೀಲವನ್ನು ಕಾಗದದ ಪತ್ರದಷ್ಟು ಚಿಕ್ಕದಾಗಿ ಮಡಚಿ ಅಂಚೆಡಬ್ಬಿಗೆ ಹಾಕಿದರೆ ಅದು ವಾಪಸ್ ಹೋಗುತ್ತದೆ. ನಮ್ಮಲ್ಲಿ ಬೆಳಗಿನ ಹಾಲು, ಬ್ರೆಡ್ಡು, ತಂಪು ಪಾನೀಯದ ಬಾಟಲಿ ಇವೆಲ್ಲ ದಿನವೂ ಪ್ಲಾಸ್ಟಿಕ್ ಕ್ರೇಟುಗಳಲ್ಲಿ ಬಂದು, ಅದೇ ಗಾಡಿಯಲ್ಲಿ ಖಾಲಿ ಕ್ರೇಟು ಮರಳುತ್ತದೆ. ಬೆಂಗಳೂರಿನಲ್ಲಿ 2011ರಲ್ಲಿ ಶುರುವಾದ ಬಿಗ್‌ಬಾಸ್ಕೆಟ್ ದಿನಸಿಯನ್ನೂ ಕ್ರೇಟಿನಲ್ಲೇ ತಂದು, ಬಾಗಿಲಲ್ಲಿ ಖಾಲಿ ಮಾಡಿಸಿಕೊಂಡು ಹೋಗುತ್ತಿತ್ತು. ಹತ್ತು ನಿಮಿಷದಲ್ಲಿ ದಿನಸಿ ತಲುಪಿಸುವ ಬೈಕಿನಲ್ಲಿ ಕ್ರೇಟಿಗೆ ಜಾಗವಿಲ್ಲದ್ದರಿಂದ ಕಾಗದದ ಚೀಲ ಬಂತು.

ಮರಳುವ ಪೆಟ್ಟಿಗೆ ಗೆಲ್ಲುವುದು ಹೋದ ಗಾಡಿ ಅದೇ ಗೋದಾಮಿಗೆ ಹಿಂದಿರುಗುವಾಗ. ದೂರದೂರಿನ ಪಾರ್ಸೆಲ್ಲಿನಲ್ಲಿ ಖಾಲಿ ಪೆಟ್ಟಿಗೆಯೂ ಗಾಳಿಯ ಬಾಡಿಗೆ ತೆರಬೇಕಾಗುತ್ತದೆ; ಆದ್ದರಿಂದಲೇ ಅಲ್ಲಿ ಮಡಚುವ ಚೀಲವೇ ಆಗಬೇಕು. ವಾಪಸು ಸಾಗಿಸುವ ವ್ಯವಸ್ಥೆ ನಮ್ಮಲ್ಲಿ ಈಗಾಗಲೇ ಇದೆ: ಅಳತೆ ಹೊಂದದ ಅಂಗಿ, ಬಣ್ಣ ಇಷ್ಟವಾಗದ ಚಪ್ಪಲಿಗಳನ್ನು ಡೆಲಿವರಿಯವರೇ ಮನೆಯಿಂದ ಎತ್ತಿಕೊಂಡು ಹೋಗುತ್ತಾರೆ. ಮಡಚಿದ ಚೀಲವೊಂದು ಅದೇ ಬೆನ್ನುಚೀಲದಲ್ಲಿ ಕೂರುತ್ತದೆ. ಇಲ್ಲದಿರುವುದು ಅದರ ಮೇಲೊಂದು ಠೇವಣಿ, ಆ ಠೇವಣಿಯನ್ನು ಗಿರಾಕಿಯ ಖಾತೆಗೆ ಮರಳಿಸುವ ಒಂದು ಸ್ಕ್ಯಾನು, ಮತ್ತು ಆ ಹೆಚ್ಚುವರಿ ನಿಲುಗಡೆಗೆ ಡೆಲಿವರಿಯವರಿಗೆ ಸಿಗಬೇಕಾದ ಕೂಲಿ.